ಖಾಲಿ ತಟ್ಟೆಯ ಗಂಟೆ

ಮಧ್ಯಾಹ್ನ ಮೂರಕ್ಕೆ ಮತ್ತೆ ಬನ್ನಿ ಎಂದರು ಬೆಂಗಳೂರಿನ ಡಾಕ್ಟರು. ಅಷ್ಟರೊಳಗೆ ನನ್ನ ತಮ್ಮ ಕಲ್ಲೇಶ ಬಾಯಿಂದ ಏನಾದರೂ ತಿಂದು ನುಂಗಿದರೆ ಇನ್ನೊಂದು ಸುತ್ತು ಔಷಧಿ ಕೊಟ್ಟು ನೋಡುತ್ತಾರಂತೆ. ಗಂಟಲ ಗಡ್ಡೆ ನೀರನ್ನೂ ಬಿಡುತ್ತಿಲ್ಲ ಅಂದರೆ ಊರಿಗೆ ಕರೆದುಕೊಂಡು ಹೋಗಬಹುದು ಎಂದರು. ಹಾಗೆಂದರೆ ಏನೆಂದು ದುರ್ಗದ ಕಡೆಯ ನಮ್ಮ ತುರುವನೂರಿನವರಿಗೂ ಅರ್ಥವಾಗುತ್ತದೆ. ಹೊಟ್ಟೆಗೆ ಪೈಪು ಹಾಕಲು ಕಲ್ಲೇಶ ಒಪ್ಪಿರಲಿಲ್ಲ.

ಆಸ್ಪತ್ರೆ ಎದುರಿಗೇ ಒಂದು ಹೋಟೆಲು. ಗೋಡೆ ತುಂಬ ಗಿಡ, ಹಳೆ ಬಾಗಿಲು ಕೊಯ್ದು ಮಾಡಿದ ಟೇಬಲ್ಲು. ಕೂತ ಕೂಡಲೇ ಬಡಿಸುವ ಹೆಣ್ಣುಮಗಳು ಬಂದಳು. ಎದೆಯ ಮೇಲೆ ಸುಮಿತ್ರಾ ಎಂದು ಹೆಸರಿತ್ತು.

“ಸರ್, ಇಲ್ಲಿ ನಾವು ಏನನ್ನೂ ಬಿಸಾಕಲ್ಲ. ಸಿಪ್ಪೆ, ದಂಟು, ಬೀಜ ಎಲ್ಲ ಅಡುಗೆಗೇ. ನೀವೂ ತಟ್ಟೇಲಿ ಏನೂ ಬಿಡಬಾರದು.”

“ಬಿಟ್ರೆ ಏನ್ಮಾಡ್ತೀಯಮ್ಮ, ಹೊಡೀತೀಯಾ?” ಎಂದೆ.

ಕಲ್ಲೇಶ ನನ್ನ ತೊಡೆ ಚಿವುಟಿದ.

ಮೆತ್ತಗಿನ ಅನ್ನ, ಹೀರೆ ಸಿಪ್ಪೆಯ ಚಟ್ನಿ, ಕಲ್ಲಂಗಡಿ ಸಿಪ್ಪೆಯ ಪಲ್ಯ ಬಂತು. “ನಮ್ಮವ್ವ ದಿನಾ ಮಾಡ್ತಿದ್ದಿದ್ದು ಇದನ್ನೇ ಅಲ್ವೇನೋ. ಇದಕ್ಕೆ ಇಷ್ಟೊಂದು ವೈಭೋಗ!”

“ಅವ್ವ ಏಸಿ ಹಾಕ್ಸಿರ್ಲಿಲ್ಲ ಬಿಡಣ್ಣ,” ಎಂದು ಕಲ್ಲೇಶ ಪಿಸುಗುಟ್ಟಿದ. ಈಗ ಅವನಿಗೆ ಉಳಿದಿದ್ದ ದನಿಯೇ ಅಷ್ಟು.

ಅನ್ನವನ್ನು ಮಗುವಿಗೆ ಕಲಸುವಂತೆ ನುಣ್ಣಗೆ ಕಲಸಿಕೊಟ್ಟೆ. ಬಾಯಿಗಿಟ್ಟುಕೊಂಡ. ಗಂಟಲು ಮೇಲಕ್ಕೆ ಏರಿತು, ಅಲ್ಲೇ ನಿಂತಿತು. ಕಣ್ಣಲ್ಲಿ ನೀರು ಬಂತು. ತುತ್ತನ್ನು ಟವೆಲಿಗೆ ಉಗುಳಿದ. ಮತ್ತೊಂದು ತುತ್ತು ಕೊಟ್ಟೆ.

“ನುಂಗಲೇ!”

ಪಕ್ಕದ ಟೇಬಲಿನವರು ತಿರುಗಿ ನೋಡಿದರು.

“ನುಂಗಿದೆ ಕಣಣ್ಣ.”

“ಎಲ್ಲಿ, ಬಾಯ್ ತೆಗಿ.”

ತೆಗೆದ. ಅನ್ನ ಹಾಗೇ ಇತ್ತು.

ಸುಮಿತ್ರಾ ನಮ್ಮ ಕಡೆ ಬರುತ್ತಿದ್ದಳು. ಕಲ್ಲೇಶ ತಟ್ಟೆ ನೋಡಿ ಚಡಪಡಿಸಿದ. ಅವಳ ಹೋಟೆಲಿನ ಕಾನೂನಿಗೆ ಅವನು ಹೆದರಿದ್ದಲ್ಲ. ನಾವಿಬ್ಬರೂ ಮಠದ ದಾಸೋಹದಲ್ಲಿ ಉಂಡು ಶಾಲೆಗೆ ಹೋದವರು. ಪ್ರಸಾದ ಬಿಟ್ಟು ಏಳುವುದು ಅವನಿಂದ ಆಗುತ್ತಿರಲಿಲ್ಲ. ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡು ಗಬಗಬ ತಿಂದೆ.

“ಅಣ್ಣ, ನನ್ನೆಂಜ್ಲು ತಿನ್ಬ್ಯಾಡ. ನೀನು ದೊಡ್ಡೋನು.”

“ಮುಚ್ಕಂಡು ಕೂತ್ಕ.”

ತಟ್ಟೆ ಬರಿದಾದದ್ದೇ ಅವನ ಮುಂದಕ್ಕೆ ತಳ್ಳಿದೆ. ಸುಮಿತ್ರಾ ಅದನ್ನು ನೋಡಿ ಖುಷಿಯಾಗಿ ಗೋಡೆಯ ಗಂಟೆ ಬಾರಿಸಿದಳು. “ಖಾಲಿ ತಟ್ಟೆ!” ಎಂದು ಕೂಗಿದಳು. ತಟ್ಟೆ ಖಾಲಿ ಮಾಡಿದವರಿಗೆ ಅಲ್ಲಿ ಸಲ್ಲುವ ಮರ್ಯಾದೆಯಂತೆ ಅದು. ಹೋಟೆಲಿಗೆ ಹೋಟೆಲೇ ಚಪ್ಪಾಳೆ ತಟ್ಟಿತು. ಯಾರೋ ಫೋಟೊ ತೆಗೆದರು. ಕಲ್ಲೇಶ ಎಲ್ಲರಿಗೂ ಕೈ ಮುಗಿದು ನಕ್ಕ. ಆ ಗಂಟೆ ಕಿತ್ತು ಬೀದಿಗೆಸೆಯುವಷ್ಟು ಸಿಟ್ಟು ಬಂದಿತ್ತು ನನಗೆ.

ಅವನು ಲೋಟದ ನೀರನ್ನು ತಟ್ಟೆಗೆ ಸುರಿದ. ಬೆರಳಾಡಿಸಿ ಅಂಚೆಲ್ಲ ತೊಳೆದ. ದಾಸೋಹದಲ್ಲಿ ಉಂಡ ತಟ್ಟೆ ತೊಳೆದ ನೀರನ್ನೂ ಚೆಲ್ಲುವಂತಿರಲಿಲ್ಲ, ಕುಡಿದೇ ಏಳಬೇಕಿತ್ತು.

“ಇದೊಂದು ಇಳಿದ್ರೂ ಸಾಕು. ಡಾಕ್ಟ್ರಿಗೆ ಹೇಳಾಣ.”

“ಬ್ಯಾಡ ಕಣೋ. ಮೆಲ್ಲಕೆ ಚಮಚದಾಗೆ...”

ತಟ್ಟೆ ಎತ್ತಿ ಬಾಯಿಗಿಟ್ಟೇಬಿಟ್ಟ. ಒಂದು ಗಳಿಗೆ ಇಳಿಯಿತೇನೋ ಅನಿಸಿತು. ಆಮೇಲೆ ನೀರು ಮೂಗಿನಿಂದ, ಬಾಯಿಯಿಂದ ಹೊರಬಂತು. ಉಸಿರು ಸಿಕ್ಕದೆ ಟೇಬಲ್ಲು ಹಿಡಿದು ಕೆಮ್ಮಿದ. ಚಪ್ಪಾಳೆ ತಟ್ಟಿದವರೆಲ್ಲ ತಲೆ ತಗ್ಗಿಸಿ ಉಣ್ಣತೊಡಗಿದರು.

ಸುಮಿತ್ರಾ ಬಟ್ಟೆ ತಂದಳು. “ಏನಾಯ್ತು ಸರ್? ಖಾರ ಆಯ್ತಾ?”

ಬಟ್ಟೆ ಇಸಿದುಕೊಂಡು ಅವನ ಮುಖ ಒರೆಸಿದೆ.

ಹೊರಗೆ ಬಂದು ರಸ್ತೆ ದಾಟಲು ಅವನ ರಟ್ಟೆ ಹಿಡಿದೆ. ಅವನು ಕಾಲು ಕೀಳಲಿಲ್ಲ.

“ಮೂರಕ್ಕೆ ಬರಾಕೆ ಹೇಳವ್ರೆ ಕಣೋ.”

“ಹೋಗಿ ಏನಂತ ಹೇಳ್ತೀಯ?”

ಕೈ ಎತ್ತಿ ಆಟೊ ನಿಲ್ಲಿಸಿದ. ತಲೆ ಒಳಗೆ ಹಾಕಿ, “ಮೆಜೆಸ್ಟಿಕ್. ದುರ್ಗದ ಬಸ್ಸಿಗೆ,” ಎಂದ.

ಡ್ರೈವರಿಗೆ ಕೇಳಿಸಲಿಲ್ಲ. “ಎಲ್ಲಿಗಂತೆ ಸರ್?” ಎಂದು ನನ್ನ ಮುಖ ನೋಡಿದ.

ನಾನೇ ಹೇಳಬೇಕಾಯಿತು.