ಕಾಲರ್ ಮಾಸ್ಟರು ಕಣ್ಣುಜ್ಜಿದ ಪ್ರಕರಣ

ಕಂಡಕಂಡವರ ಕತ್ತಿಗೆಲ್ಲ ಕಾಲರ್ ಹೊಲಿದು ಹೊಲಿದು ಆ ಟೈಲರ್‌ಗೆ ಕಾಲರ್ ಮಾಸ್ಟರ್ ಎಂದೇ ಹೆಸರು ಬಿದ್ದಿತ್ತು. ಅವರ ಬಲಗಣ್ಣಿನ ಕರಿಗುಡ್ಡೆಯ ಮೇಲಿನ ತಿಳಿ ಪದರ, ಡಾಕ್ಟರಮ್ಮ ಕಾರ್ನಿಯಾ ಅನ್ನುವುದು, ತೆಳುವಾಗಿ ಮುಂದಕ್ಕೆ ಉಬ್ಬಿಕೊಂಡಿತ್ತು. ಆರು ತಿಂಗಳ ಹಿಂದೆ ಡಾಕ್ಟರಮ್ಮ ಅದರೊಳಗೆ ಪ್ಲಾಸ್ಟಿಕ್ ರಿಂಗಿನ ಎರಡು ಸಣ್ಣ ಚೂರು ಕೂರಿಸಿ ಉಬ್ಬು ತಗ್ಗಿಸಿದ್ದರು. ದಾರ ಒಂದೇ ಏಟಿಗೆ ಸೂಜಿಯೊಳಗೆ ಹೋಗತೊಡಗಿತು. ಮಾಸ್ಟರು ಬೀಗಿದ್ದೇ ಬೀಗಿದ್ದು.

ಕಣ್ಣುಜ್ಜಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರು, ಹೆಂಡತಿ ಹೇಳಿದ್ದಳು. ಒಂದು ಮಾತಿಗೇ ಕೇಳಿಬಿಟ್ಟರೆ ಅವರು ಮಾಸ್ಟರು ಹೇಗಾದಾರು? ಗಿರಾಕಿಗಳು ಬಟ್ಟೆ ಹಾಕಿ ನೋಡುವ ಪರದೆಯ ಹಿಂದೆ ಹೋಗಿ, ಬೆರಳ ಗೆಣ್ಣಿನಿಂದ ಚೆನ್ನಾಗಿ ಉಜ್ಜಿಕೊಂಡು, ಏನೂ ಅರಿಯದವರಂತೆ ಹೊರಗೆ ಬರುತ್ತಿದ್ದರು. ಆ ಸುಖ ಉಜ್ಜಿದವರಿಗೇ ಗೊತ್ತು.

ಇವತ್ತು ಆಸ್ಪತ್ರೆಯಲ್ಲಿ ಹೊಸ ಪರೀಕ್ಷೆ. ಯಂತ್ರ ಕಣ್ಣಿಗೆ ಪುಸ್ಸೆಂದು ಗಾಳಿ ಊದಿ, ಕಾರ್ನಿಯಾ ಎಷ್ಟು ಒಳಕ್ಕೆ ತಗ್ಗಿ ಹೇಗೆ ಹಿಂದಕ್ಕೆ ಬರುತ್ತದೆ ಎಂದು ಅಳೆಯುತ್ತದೆ. ಇದು ಕಳ್ಳರನ್ನು ಹಿಡಿಯುವ ಯಂತ್ರವೇ ಸೈ ಎಂದುಕೊಂಡರು ಮಾಸ್ಟರು. ಮೂರು ಸಲ ಊದಿಸಿದ ಮೇಲೆ ಯಂತ್ರ ನಡೆಸುವಾಕೆ, ಆಪರೇಷನ್ನಿಗೆ ಮೊದಲು ಎಷ್ಟು ಮೆತ್ತಗಿತ್ತೋ ಈಗಲೂ ಅಷ್ಟೇ ಮೆತ್ತಗಿದೆ ಎಂದಳು.

“ದಿನಕ್ಕೆ ಎರಡೇ ಸಲ ಕಣಮ್ಮ ಉಜ್ಜೋದು,” ಮಾಸ್ಟರು ಬಾಯಿಬಿಟ್ಟರು. “ಮೂರಂದ್ರೆ ಮೂರು.”

“ಅದೆಲ್ಲ ಈ ಮೆಷಿನ್‌ಗೆ ಗೊತ್ತಾಗಲ್ಲ ಸಾರ್.”

ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಗೊತ್ತಾಯಿತು.

ರಿಂಗು ಆಕಾರ ತಿದ್ದುತ್ತದೆಯೇ ಹೊರತು ಬಲ ಕೊಡುವುದಿಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಮಾಸ್ಟರಿಗೆ ಥಟ್ಟನೆ ಹೊಳೆಯಿತು: ಒಳಗೆ ಕ್ಯಾನ್ವಾಸ್ ಇಟ್ಟರೆ ಕಾಲರ್ ನೆಟ್ಟಗೆ ನಿಲ್ಲುತ್ತದೆ, ಬಟ್ಟೆ ಮಾತ್ರ ಅದೇ ಹಳೆಯದು. ಕಾರ್ನಿಯಾ ಗಟ್ಟಿ ಮಾಡಲು ಮುಂದಿನ ತಿಂಗಳು ಹನಿ ಬಿಟ್ಟು ಬೆಳಕು ಹಾಯಿಸುವ ಬೇರೆ ಚಿಕಿತ್ಸೆ ಕೊಡಬೇಕು. ಅದಕ್ಕೆ ಬೇಕಾದಷ್ಟು ದಪ್ಪ ಈಗ ಹಾಗೂ ಹೀಗೂ ಉಳಿದಿದೆ. ಉಜ್ಜಿ ಇನ್ನೂ ತೆಳುವಾದರೆ ಆ ಚಿಕಿತ್ಸೆಯೂ ಇಲ್ಲ, ಈ ನೋಟವೂ ನಿಲ್ಲುವುದಿಲ್ಲ ಎಂದರು ಡಾಕ್ಟರಮ್ಮ. ಮಾಸ್ಟರ ಜಂಬವೆಲ್ಲ ಜರ್ರನೆ ಇಳಿಯಿತು. ಅವರು ನಿಜವಾಗಿಯೂ ಹೆದರಿದರು.

ಬೀದಿಗಿಳಿದ ಮೇಲೆ ಹೆಂಡತಿ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಇದಕ್ಕಿಂತ ನಾಲ್ಕು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವರಿಗೆ. ಸಿಗ್ನಲ್ ಹತ್ತಿರ ನಿಂತಾಗ ಅವಳೇ ಶುರುಮಾಡಿದಳು.

“‘ಇಷ್ಟು ದಿನ ಈ ಕಣ್ಣಲ್ಲಿ ನೀನು ಎರಡೆರಡಾಗಿ ಕಾಣ್ತಿದ್ದೆ, ಈಗ ಒಬ್ಬಳೇ ಕಾಣ್ತಿದ್ದೀಯ’ ಅಂತ ಆಪರೇಷನ್ ಆದ್ಮೇಲೆ ಅತ್ತಿರಲ್ಲ. ಮತ್ತೆ ಇಬ್ಬರು ಬೇಕಾ ನಿಮಗೆ?”

ಒಬ್ಬಳನ್ನು ಸಂಭಾಳಿಸುವುದರಲ್ಲೇ ಸಾಕುಸಾಕಾಗಿದೆ ಎನ್ನಲು ಹೋದರು. ಬಾಯಿಗೆ ಬಂದದ್ದು “ಒಬ್ಬಳೇ ಸಾಕು” ಅಷ್ಟೇ.

ಅದೇ ಹೊತ್ತಿಗೆ ಹಾಳು ಕಣ್ಣು ತುರಿಸತೊಡಗಿತು. ಬಲಗೈ ತಾನಾಗಿಯೇ ಎದ್ದು ಕೆನ್ನೆಯವರೆಗೆ ಬಂತು. ಮಾಸ್ಟರು ಅದನ್ನು ಅಲ್ಲಿಂದಲೇ ತಿರುಗಿಸಿ ಹೆಂಡತಿಯ ಮುಂದೆ ಚಾಚಿದರು.

“ಹಿಡ್ಕೋ.”

ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಬೀದಿಯಲ್ಲಿ ಕೈ ಹಿಡಿದು ನಡೆದವರಲ್ಲ. ಅವಳು ಅತ್ತಿತ್ತ ನೋಡಿ, ಚೀಲವನ್ನು ಹೆಗಲಿಗೇರಿಸಿ, ಬಿಗಿಯಾಗಿ ಹಿಡಿದುಕೊಂಡಳು. ಎರಡು ಹೆಜ್ಜೆ ನಡೆದವಳು ಏನೋ ಯೋಚಿಸಿ ನಿಂತಳು.

“ಆ ಕೈನೂ ಕೊಡಿ,” ಎಂದಳು.