ಕ್ಲಚ್ ಕಾಲು

ತಣ್ಣಗಿದೆ ಕತ್ತರಿ, ಪಾದದ ಗಂಟಿನಿಂದ ಮೇಲಕ್ಕೆ ಹತ್ತುತ್ತಿದೆ, ಚರಚರ ಚರಚರ, ಹೋಯ್ತು ಯೂನಿಫಾರ್ಮ್ ಪ್ಯಾಂಟು, ಇಸ್ತ್ರಿಯ ಗೆರೆ ಇನ್ನೂ ಮುರಿದಿಲ್ಲ, ಇವತ್ತು ಡ್ಯೂಟಿಗೆ ಹೋಗಿಯೇ ತೀರುತ್ತೇನೆ ಅಂತ ಬೆಳಿಗ್ಗೆ ಹಟಕ್ಕೆ ಬಿದ್ದು ಹಾಕಿಕೊಂಡದ್ದು, ಹಾಕಿಕೊಳ್ಳುವುದಕ್ಕೇ ಅರ್ಧ ಗಂಟೆ, ಹಲ್ಲು ಕಚ್ಚಿ, ಗೋಡೆಗೆ ಒರಗಿ — ಬಿಚ್ಚೋಕಾಗಲ್ಲಮ್ಮ, ಮಂಡಿ ಹತ್ರ ಬಿಗಿದುಬಿಟ್ಟಿದೆ, ಹಾಕ್ಕೊಂಡ್ರಾದ್ರೂ ಹೇಗೆ, ಅನ್ನುತ್ತಾಳೆ ನರ್ಸಮ್ಮ. ಇಪ್ಪತ್ತು ವರ್ಷ ಬಸ್ಸು ಓಡಿಸಿದವಳಿಗೆ ಒಂದು ಪ್ಯಾಂಟು ದೊಡ್ಡದಾ. ಬಟ್ಟೆ ಎರಡೂ ಕಡೆ ಬಿದ್ದಿತು, ಅಗೋ, ಬಲಮಂಡಿ ಮಂಡಿಯ ಹಾಗೇ ಇದೆ, ಎಡಗಡೆಯದು ಯಾರದೋ ಬೋಳುತಲೆಯ ಹಾಗಿದೆ, ಮಿರಮಿರ ಮಿಂಚುತ್ತದೆ, ಚಿಪ್ಪು ಎಲ್ಲಿದೆಯೋ ಅದೇ ಕಾಣದು. ಮೂರು ದಿನ ಜ್ವರ ಅಂತ ಡಿಪೋಗೆ ಸುಳ್ಳು ಹೇಳಿ ಕಂಬಳಿ ಹೊದ್ದು ಮಲಗಿದ್ದಳು, ಜ್ವರವಂತೆ ಜ್ವರ, ಹೊದಿಕೆಯೊಳಗೆ ಮಂಡಿಗೆ ಎರಡೂ ಕೈ ಕೊಟ್ಟುಕೊಂಡು ಉಸಿರು ಬಿಗಿಹಿಡಿದಿದ್ದಳು, ಮಂಡಿ ಅಂತ ಬಾಯಿಬಿಟ್ಟರೆ ಆಯಿತಲ್ಲ, ಸೂಪರ್‌ವೈಸರು ಕಾದೇ ಕೂತಿದ್ದಾರೆ, ಹೆಂಗಸರಿಗೆ ಮಂಡಿ ಬೇಗ ಹೋಗುತ್ತಮ್ಮ, ಟಿಕೆಟ್ ಕೌಂಟರಿನಲ್ಲಿ ಕೂತ್ಕೋ, ಫ್ಯಾನ್ ಇದೆ, ಅಂತ ವರ್ಷಕ್ಕೊಂದು ಸಲವಾದರೂ ಹೇಳುವವರು.

ಫ್ಯಾನಂತೆ. ಅವಳಿಗೆ ಬೇಕಾದ್ದು ಫ್ಯಾನಲ್ಲ, ಆ ಎತ್ತರದ ಸೀಟು, ಎದುರಿಗೆ ಅಷ್ಟಗಲ ಗಾಜು, ಎಡಗಾಲ ಕೆಳಗೆ ಕ್ಲಚ್ಚು, ಡಿಪೋದಲ್ಲಿ ಎಲ್ಲರೂ ಕ್ಲಚ್ಚಕ್ಕ ಅನ್ನುತ್ತಾರೆ, ಮೊದಲಿಗೆ ಚೇಷ್ಟೆಗೆ, ಆಮೇಲೆ ಗೌರವಕ್ಕೆ, ಅವಳ ಬಸ್ಸಿನ ಕ್ಲಚ್ ಪ್ಲೇಟು ಬೇರೆಯವರದ್ದಕ್ಕಿಂತ ಎರಡು ಪಟ್ಟು ಬಾಳುತ್ತದೆ, ಮೆಕ್ಯಾನಿಕ್ಕೇ ಹೇಳಿದ್ದು. ಅಂಥ ಕಾಲು ಜಾರಿದ್ದು ಎಲ್ಲಿ, ರಸ್ತೆಯಲ್ಲಲ್ಲ, ಗುಂಡಿಯಲ್ಲಲ್ಲ, ತನ್ನದೇ ಬಸ್ಸಿನ ಮೆಟ್ಟಿಲಲ್ಲಿ, ಮಂಗಳವಾರ, ಮಾರ್ಕೆಟ್ ಸ್ಟಾಪಿನಲ್ಲಿ ಊರುಗೋಲಿನ ಅಜ್ಜ ಹತ್ತಲಾರದೆ ನಿಂತಿದ್ದಾನೆ, ಕಂಡಕ್ಟರ್ ಹಿಂದಿನ ಬಾಗಿಲಲ್ಲಿ ಜನರ ನಡುವೆ ಸಿಕ್ಕಿಕೊಂಡಿದ್ದಾನೆ, ಇರಿ ಅಜ್ಜ ಬಂದೆ ಅಂತ ಇವಳು ಇಳಿದಳು, ಮೆಟ್ಟಿಲ ಮೇಲೆ ಯಾರೋ ಚೆಲ್ಲಿದ ನೀರು, ಪಾದ ಜಾರಿ ಮೆಟ್ಟಿಲ ಅಂಚಿಗೆ ಸಿಕ್ಕಿ ಅಲ್ಲೇ ನಿಂತಿತು, ಮೈ ತಿರುಗಿತು, ಟೊಕ್. ಒಳಗಿನಿಂದ ಬಂದ ಸದ್ದು, ಕಿವಿಗಲ್ಲ, ಹಲ್ಲಿಗೆ ಕೇಳಿದ್ದು. ಆದರೂ ಅಜ್ಜನನ್ನು ಹತ್ತಿಸಿದಳು, ಹದಿನಾಲ್ಕು ಸ್ಟಾಪು, ಪ್ರತಿ ಸ್ಟಾಪಿಗೂ ಕ್ಲಚ್ಚು, ಒತ್ತು ಬಿಡು ಒತ್ತು ಬಿಡು, ಕಣ್ಣಲ್ಲಿ ನೀರು ಬರುತ್ತಿದೆ, ಅಕ್ಕ ಬೆವರ್ತಿದೀರಲ್ಲ ಅನ್ನುತ್ತಾನೆ ಕಂಡಕ್ಟರ್, ಸೆಖೆ ಕಣೋ ಅನ್ನುತ್ತಾಳೆ ಇವಳು. ಶೂರತನ ಅಂದುಕೊಂಡಿದ್ದಳು ಆವತ್ತು. ಈಗ ಈ ಬೋಳುತಲೆಯನ್ನು ನೋಡಿದರೆ ಪೆದ್ದುತನದ ವಾಸನೆಯೂ ಬರುತ್ತಿದೆ, ಆಗಲಿ, ಅಜ್ಜನಂತೂ ಮನೆ ಸೇರಿದ.

ಮನೆಯಲ್ಲಿ ಗುಟ್ಟು ನಿಂತದ್ದು ಎರಡೇ ದಿನ, ಗಡಿಯಾರ ರಿಪೇರಿ ಮಾಡುವ ಗಂಡನ ಕಣ್ಣಿಗೆ ಸಾಸಿವೆಯಷ್ಟು ಸ್ಕ್ರೂ ಕಾಣುತ್ತದೆ, ಹೆಂಡತಿಯ ಮಂಡಿ ಕಾಣದೇ ಇರುತ್ತದಾ, ಕಂಡ, ಗಾಬರಿಬಿದ್ದ, ಗಾಬರಿಬಿದ್ದವನು ಎಂದಿನಂತೆ ಅಣ್ಣನಿಗೆ ಫೋನು ಮಾಡಿದ. ಭಾವನವರು ಇವತ್ತು ಬೆಳಿಗ್ಗೆ ಕಾರು ತಂದು ಬಾಗಿಲಲ್ಲೇ ಹಾರ್ನ್ ಒತ್ತಿದರು, ಪೇಂ ಪೇಂ, ಏಳಮ್ಮಾ, ಸೇತುವೆ ಆಚೆ ಮೂಳೆ ಕೂರಿಸೋನೊಬ್ಬ ಇದಾನೆ, ಒಂದೇ ಎಳೆತ, ಲಟಕ್ ಅಂತ ಕೂತ್ಕೊಳ್ಳುತ್ತೆ, ನಾಳೆ ಬಸ್ಸು ಓಡಿಸ್ತೀಯ. ನಾಳೆ! ಆ ಒಂದು ಮಾತಿಗೆ ಅವಳ ಎದೆ ಹೇಗೆ ಹಾರಿತ್ತು, ಯಾರಿಗೂ ತಿಳಿಯುವುದಿಲ್ಲ, ಸೂಪರ್‌ವೈಸರಿಗೂ ಗೊತ್ತಾಗುವುದಿಲ್ಲ, ನಾಳೆ ಸೀಟಿನಲ್ಲಿ ಕೂತಿರುತ್ತೇನೆ, ಚಪ್ಪಲಿಗೆ ಕಾಲು ತೂರಿಸಿಯೇ ಬಿಟ್ಟಿದ್ದಳು, ಆಗ ಅತ್ತೆ. ಅತ್ತೆಗೂ ಅವಳಿಗೂ ಎಣ್ಣೆ ಸೀಗೆಕಾಯಿ, ಹೆಂಗಸು ಸ್ಟೇರಿಂಗ್ ಹಿಡಿದದ್ದೇ ಅವರಿಗೆ ಹಿಡಿಸಿರಲಿಲ್ಲ, ಎರಡು ವರ್ಷ ಆ ಬಸ್ಸು ಹತ್ತಿರಲಿಲ್ಲ ಪುಣ್ಯಾತ್ಗಿತ್ತಿ. ಅತ್ತೆಯ ಬಲಗಾಲು ಮಡಚುವುದಿಲ್ಲ, ದೊಣ್ಣೆಯ ಹಾಗೆ ನೆಟ್ಟಗೆ, ಮದುವೆಯಾಗಿ ಬಂದ ದಿನದಿಂದ ಕೇಳಿದ ಕಥೆ, ಮೂವತ್ತನೇ ವಯಸ್ಸಿನಲ್ಲಿ ಮೆಟ್ಟಿಲಿಂದ ಬಿದ್ದರು, ಹಣೆಬರಹ. ಆ ಅತ್ತೆ ಎದ್ದು ಬಂದು ಹೊಸ್ತಿಲ ಮೇಲೆ ಕೂತರು, ಕೂತು ಆ ದೊಣ್ಣೆಗಾಲನ್ನು ಬಾಗಿಲಿಗೆ ಅಡ್ಡ ಚಾಚಿದರು. ಭಾವ ಒಳಗೆ ಬರಲಾರರು, ಇವಳು ಹೊರಗೆ ಹೋಗಲಾರಳು. ಬಿದ್ದದ್ದಕ್ಕೆ ಹೋಗಿಲ್ಲ ಕಣೇ ಈ ಕಾಲು, ಅಂದರು ಅತ್ತೆ, ಎಳೆಸಿದ್ದಕ್ಕೆ ಹೋಯ್ತು. ಬಿದ್ದ ಮಾರನೇ ದಿನ ನಿಮ್ಮ ಮಾವ ಇಂಥವನ ಹತ್ರವೇ ಕರ್ಕೊಂಡು ಹೋದ್ರು, ಇಬ್ರು ಹಿಡ್ಕೊಂಡ್ರು, ಒಬ್ಬ ಎಳೆದ, ಆಮೇಲೆ ಇದು ಮಡಚಲೇ ಇಲ್ಲ. ಮಾವನ ಮರ್ಯಾದೆ ಹೋಗುತ್ತೆ ಅಂತ ಬಿದ್ದೆ ಅಂದೆ, ನಲವತ್ತು ವರ್ಷ ಬಿದ್ದೆ ಬಿದ್ದೆ ಅಂತಲೇ ಬಂದೆ.

ಭಾವನವರು ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ, ಅಮ್ಮಾ ನಂಗೊತ್ತಿರಲಿಲ್ಲ ಅನ್ನುತ್ತಾರೆ, ಗಂಡ ಅಣ್ಣನ ಮುಖ ನೋಡುತ್ತಾನೆ, ಅಮ್ಮನ ಕಾಲು ನೋಡುತ್ತಾನೆ, ಕೊನೆಗೆ ಇವಳನ್ನು ನೋಡುತ್ತಾನೆ, ನೀನೇ ಹೇಳು. ನಾನೇ ಹೇಳಬೇಕು, ಹೌದಲ್ಲ, ಕಾಲು ನನ್ನದು. ಗೇರ್‌ಬಾಕ್ಸ್ ಸದ್ದು ಮಾಡಿದರೆ ಯಾವನಾದರೂ ಸುತ್ತಿಗೆ ತಗೊಂಡು ಬಡಿಯುತ್ತಾನಾ, ಬಿಚ್ಚಿ ನೋಡುತ್ತಾನೆ, ನೋಡಿದ ಮೇಲೆ ತಾನೇ ಕೈಹಾಕುವುದು, ಬಸ್ಸಿಗೆ ಕೊಡುವ ಮರ್ಯಾದೆಯನ್ನು ನನ್ನ ಮಂಡಿಗೆ ಕೊಡಬಾರದಾ. ನಾಳೆ ಎನ್ನುವ ಆಸೆಯನ್ನು ಅವಳು ಚಪ್ಪಲಿಯ ಜೊತೆಗೇ ಕಳಚಿಟ್ಟಳು, ನೋವಾಯಿತು, ಮಂಡಿಗಿಂತ ಹೆಚ್ಚೇ ಆಯಿತು. ಭಾವ, ಕಾರು ಆಸ್ಪತ್ರೆ ಕಡೆ ತಿರುಗಿಸಿ, ಅಂದಳು, ಅತ್ತೆ, ಕಾಲು ತೆಗೀರಿ, ನೀವೂ ಬನ್ನಿ. ದಾರಿಯುದ್ದಕ್ಕೂ ಭಾವನವರು ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸಿದರು, ಪಾಪದ ಕಾರು ನರಳುತ್ತಿದೆ, ಕಾಲು ತೆಗೀರಿ ಭಾವ, ಪ್ಲೇಟು ಸವೆಯುತ್ತೆ, ಅಂತ ಹಿಂದಿನ ಸೀಟಿನಿಂದ ಮೂರು ಸಲ ಹೇಳಿದಳು, ಮೂರನೆಯ ಸಲ ಅತ್ತೆ ಕಿಸಕ್ಕನೆ ನಕ್ಕರು, ಅತ್ತೆ ನಕ್ಕದ್ದು! ಎಕ್ಸ್‌ರೇ ಕೋಣೆಯ ಹೊರಗೆ ಬೆಂಚಿನಲ್ಲಿ ಕೂತು ಸೂಪರ್‌ವೈಸರಿಗೆ ಫೋನು ಮಾಡಿದಳು, ಜ್ವರ ಅಲ್ಲ ಸಾರ್, ಮಂಡಿ, ಬಸ್ಸಿನ ಮೆಟ್ಟಿಲಲ್ಲಿ ಜಾರಿದ್ದು, ಸುಳ್ಳು ಹೇಳಿದ್ದು ತಪ್ಪು, ವಾಸಿ ಮಾಡ್ಕೊಂಡು ಬರ್ತೀನಿ, ನನ್ನ ಬಸ್ಸು ಹಾಗೇ ಇರಲಿ. ಆ ಕಡೆಯಿಂದ ಸೂಪರ್‌ವೈಸರು, ಹುಷಾರಾಗಿ ಬಾಮ್ಮ, ಡ್ಯೂಟೀಲಿ ಆದದ್ದು ಅಂತಲೇ ಬರ್ಕೊಳ್ತೀನಿ. ಕೌಂಟರಿನ ಮಾತು ಎತ್ತಲಿಲ್ಲ, ಫ್ಯಾನಿನ ಮಾತೂ ಎತ್ತಲಿಲ್ಲ. ಇಷ್ಟೇನಾ, ಇಷ್ಟಕ್ಕೇನಾ ಮೂರು ದಿನ ಕಂಬಳಿ ಹೊದ್ದದ್ದು.

ಈಗ ಡಾಕ್ಟರಮ್ಮ ಬಂದಳು, ಹುಡುಗಿಯಂತಿದ್ದಾಳೆ, ಕೈ ಮಾತ್ರ ಹಳೇ ಮೆಕ್ಯಾನಿಕ್ಕಿನದ್ದು, ಒತ್ತುವ ಮುಂಚೆ ಹೇಳುತ್ತಾಳೆ, ಹೇಳಿ ಒತ್ತುತ್ತಾಳೆ. ಮೂಳೆ ಮುರಿದಿಲ್ಲ, ಎಲ್ಲಿ, ಮಂಡಿ ಮಡಚದೆ ಕಾಲು ಎತ್ತಿ. ಎತ್ತಿದಳು, ಎತ್ತಿದೆ ಅಂದುಕೊಂಡಳು, ಕಾಲು ಅಲ್ಲೇ ಇದೆ, ಹಿಮ್ಮಡಿ ಹಾಸಿಗೆಗೆ ಅಂಟಿದೆ, ಇನ್ನೊಮ್ಮೆ, ತೊಡೆ ನಡುಗುತ್ತದೆ ಹಿಮ್ಮಡಿ ಏಳದು, ಅಪ್ಪಣೆ ಹೋಗುತ್ತಿದೆ, ತಲುಪುತ್ತಿಲ್ಲ. ಡಾಕ್ಟರಮ್ಮನ ಮುಖ ಬಿಗಿಯಿತು, ನೋಡಿ, ಎರಡರಲ್ಲಿ ಒಂದು, ಚಿಪ್ಪನ್ನು ಹಿಡಿದಿರೋ ಪಟ್ಟಿ ಹರಿದಿರಬೇಕು, ಹಾಗಿದ್ರೆ ಈ ವಾರವೇ ಆಪರೇಷನ್, ಆರೇಳು ತಿಂಗಳು ಬಸ್ಸಿನ ಮಾತಿಲ್ಲ, ಇಲ್ಲಾಂದ್ರೆ ಒಳಗೆ ತುಂಬಿರೋ ರಕ್ತದ ಒತ್ತಡಕ್ಕೆ ತೊಡೆಯ ಸ್ನಾಯು ಮಂಕಾಗಿರಬೇಕು, ಸೂಜಿ ಹಾಕಿ ಅದನ್ನ ತೆಗೆದ ಮೇಲೆ ಕಾಲು ಏಳುತ್ತಾ ಅಂತ ನೋಡಿದ್ರೆ ಈಗಲೇ ಸುಳಿವು ಸಿಗುತ್ತೆ, ಬೇಡ ಅಂದ್ರೆ ಸೋಮವಾರ ಸ್ಕ್ಯಾನ್ ಮಾಡಿಸಿ ನೋಡೋಣ, ನಿರ್ಧಾರ ನಿಮ್ಮದು. ಸೋಮವಾರದವರೆಗೆ ಮತ್ತೆ ಕಂಬಳಿ, ಮತ್ತೆ ಮಂಡಿಯ ಮೇಲೆ ಕೈ — ಸೂಜಿ ಹಾಕಿದ ಕಡೆ ಕೀವಾಗುತ್ತದಾ ಅಂತ ಕೇಳಿದಳು, ತುಂಬಾ ಅಪರೂಪ, ಅದೂ ಆಗಬಾರದು ಅಂತಲೇ ಮೊದಲು ಶುಚಿ ಮಾಡೋದು ಅಂದಳು ಡಾಕ್ಟರಮ್ಮ, ನೋವಾಗುತ್ತದಾ, ಮರಗಟ್ಟಿಸಿ ಹಾಕ್ತೀನಿ. ಹಾಕಿ, ಅಂದಳು. ಅತ್ತೆ ಗೋಡೆ ಹಿಡಿದು ಒಳಗೆ ಬಂದರು, ನಾನಿಲ್ಲೇ ನಿಂತಿರ್ತೀನಿ, ಯಾರೂ ಎಳೆಯಕೂಡದು, ಅಂದರು ಡಾಕ್ಟರಿಗೆ, ಎಳೆಯಲ್ಲಮ್ಮ ಅಂದಳು ಡಾಕ್ಟರಮ್ಮ.

ತಣ್ಣನೆ ಔಷಧಿ, ಒಂದು ಇರುವೆ ಕಚ್ಚಿದ ಹಾಗೆ, ಆಮೇಲೆ ಎಲ್ಲೋ ದೂರದಲ್ಲಿ ಏನೋ ಒತ್ತಿದ ಹಾಗೆ, ಸಿರಿಂಜಿನಲ್ಲಿ ಕಪ್ಪುಕೆಂಪು ಏರುತ್ತಿದೆ, ಒಂದು ಸಿರಿಂಜು, ಇನ್ನೊಂದು, ಅಬ್ಬಾ ಇದೆಲ್ಲ ನನ್ನೊಳಗೆ ಇತ್ತಾ, ಬೋಳುತಲೆ ಇಳಿಯುತ್ತಿದೆ, ಅಗೋ ಚಿಪ್ಪು, ಚಿಪ್ಪು ಮೇಲೆದ್ದಿತು, ಹೋದವಳು ಮನೆಗೆ ಬಂದ ಹಾಗೆ, ಮೂರು ದಿನದ ಬಿಗಿತ ಬಿಚ್ಚಿಕೊಂಡು ಉಸಿರು ಹೊಟ್ಟೆಯವರೆಗೂ ಹೋಯಿತು. ಹತ್ತಿಯಿಟ್ಟು ಒತ್ತಿದರು. ಈಗ ಎತ್ತಿ, ಅಂದಳು ಡಾಕ್ಟರಮ್ಮ, ಅವಸರ ಬೇಡ. ಅವಸರವಿಲ್ಲ, ಏರುರಸ್ತೆಯಲ್ಲಿ ತುಂಬಿದ ಬಸ್ಸನ್ನು ಹಿಂದಕ್ಕೆ ಒಂದಿಂಚೂ ಜಾರಿಸದೆ ಎತ್ತುತ್ತೇನಲ್ಲ, ಹಾಗೆ, ನಿಧಾನ, ತೊಡೆ ಬಿಗಿಯಿತು, ಚಿಪ್ಪು ಮೇಲಕ್ಕೆ ಸರಿಯಿತು, ನಡುಗುತ್ತಿದೆ, ನಡುಗಲಿ, ಬಾ ನನ್ನವ್ವ ಬಾ, ಎದ್ದಿತು. ಎದ್ದಿದೆ! ಪಟ್ಟಿ ಹರಿದಿಲ್ಲ ಅನ್ನುತ್ತಿದ್ದಾಳೆ ಡಾಕ್ಟರಮ್ಮ, ನಗುತ್ತಿದ್ದಾಳೆ, ಪಕ್ಕದಲ್ಲಿ ಮೂಳೆಗಳನ್ನ ಕಟ್ಟಿಹಿಡಿಯೋ ಲಿಗಮೆಂಟು ಉಳುಕಿರಬೇಕು, ಸ್ಕ್ಯಾನ್ ಮಾಡಿ ಖಾತ್ರಿ ಮಾಡ್ಕೊಳ್ಳೋಣ, ಮಂಡಿಗೆ ಬ್ಯಾಂಡೇಜು ಕಟ್ಟಿ ಆರೇಳು ವಾರ ವ್ಯಾಯಾಮ, ಆಮೇಲೆ ನಿಮ್ಮ ಕ್ಲಚ್ಚು ನಿಮ್ಮದು, ಆರೇಳು ವಾರ ಏನು ಮಹಾ, ಬಾಗಿಲಲ್ಲಿ ಗಂಡನ ಕನ್ನಡಕ ಮಂಜಾಗಿದೆ, ಭಾವ ಯಾರಿಗೋ ಫೋನಿನಲ್ಲಿ ಎತ್ತಿದ್ಲು ಎತ್ತಿದ್ಲು ಅಂತಿದ್ದಾರೆ, ಅತ್ತೆ ಮಾತ್ರ ನಂಬಲಿಲ್ಲ, ಬಾಗಿದರು, ಕಣ್ಣು ಕಿರಿದು ಮಾಡಿ ನೋಡಿದರು, ನೋಡಿದ್ದು ಸಾಲದೆ ಅಂಗೈಯನ್ನು ಹಿಮ್ಮಡಿಯ ಕೆಳಗೆ ತೂರಿಸಿದರು, ಆ ಕಡೆಯಿಂದ ಈ ಕಡೆಗೆ, ಎಲ್ಲೂ ತಾಗಲಿಲ್ಲ, ಇನ್ನೊಮ್ಮೆ, ಈ ಕಡೆಯಿಂದ ಆ ಕಡೆಗೆ, ಇಳಿಸಿ ಸಾಕು ಅನ್ನುತ್ತಿದ್ದಾಳೆ ಡಾಕ್ಟರಮ್ಮ, ಇಳಿಸುತ್ತೇನೆ, ಒಂದು ಗಳಿಗೆ, ಮೇಲೆ ಹಿಮ್ಮಡಿ, ಕೆಳಗೆ ಬಿಳಿ ಹಾಸು, ನಡುವೆ ಸುಕ್ಕುಗಟ್ಟಿದ ಆ ಕೈ, ಯಾವುದಕ್ಕೂ ತಾಗದೆ, ಹೋಗುತ್ತದೆ, ಬರುತ್ತದೆ, ಹಿಮ್ಮಡಿ, ಹಾಸು, ನಡುವೆ ಅತ್ತೆಯ ಕೈ —