ಅಣ್ಣ ಬೇಡವೆಂದ ಮಾತ್ರೆ

ಅಣ್ಣ ತಮ್ಮ ಸೇರಿ ಒಂದು ಕ್ಷೌರದಂಗಡಿ ನಡೆಸುತ್ತಿದ್ದರು. ಕೈಚಳಕವೂ ಮಾತಿನ ಚಟಾಕಿಯೂ ಅಣ್ಣನದೇ. ಬೋಳುತಲೆಯ ಗಿರಾಕಿ ಬಂದರೆ, "ಬನ್ನಿ ಸ್ವಾಮಿ, ನಿಮ್ಮಲ್ಲಿ ಕತ್ತರಿಸೋದಕ್ಕಿಂತ ಹುಡುಕೋದೇ ಹೆಚ್ಚು" ಎಂದು ನಗಿಸುತ್ತಿದ್ದ. ಅಂಥವನು ಒಂದು ದಿನ ಒಬ್ಬರ ಅರ್ಧ ಗಡ್ಡ ಹೆರೆದು, ಬ್ಲೇಡು ಒರೆಸಿಟ್ಟು, ಹೊರಗೆ ಹೋಗಿ ನಿಂತುಬಿಟ್ಟ. ನೊರೆ ಮೆತ್ತಿದ ಇನ್ನೊಂದು ಕೆನ್ನೆಯನ್ನು ತಮ್ಮ ಮುಗಿಸಿಕೊಟ್ಟ. ಬರಬರುತ್ತಾ ಅಣ್ಣನಿಗೆ ಮನೆಯ ದಾರಿಯೇ ತಪ್ಪತೊಡಗಿತು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದರೂ, "ಇವಳಿನ್ನೂ ತವರಿಂದ ಬರಲಿಲ್ಲವಲ್ಲ" ಎಂದು ಬಾಗಿಲು ನೋಡುತ್ತಿದ್ದ.

ಡಾಕ್ಟರು ಮಾತ್ರೆ ಬರೆದರು. "ಮೆದುಳಲ್ಲಿ ಸುದ್ದಿ ಸಾಗಿಸೋ ರಾಸಾಯನಿಕ ಒಂದಿದೆ, ಅಸಿಟೈಲ್‌ಕೋಲಿನ್ ಅಂತ. ಇವರಿಗೆ ಅದು ಕಮ್ಮಿಯಾಗಿದೆ. ಉಳಿದಿರೋದು ಬೇಗ ಕರಗಿಹೋಗದ ಹಾಗೆ ಈ ಮಾತ್ರೆ ತಡೆಯತ್ತೆ. ಆದ್ರೆ ಕಾಯಿಲೆ ವಾಸಿಯಾಗಲ್ಲ" ಎಂದು ಬಿಡಿಸಿ ಹೇಳಿದರು.

ಮೊದಮೊದಲು ಹೊಟ್ಟೆ ತೊಳಸಿತು. ಆಮೇಲೆ ಅಣ್ಣ ಸ್ವಲ್ಪಸ್ವಲ್ಪವೇ ಮರಳಿದ. ಒಂದು ಬೆಳಿಗ್ಗೆ ತಮ್ಮನ ಕೈಯಿಂದ ಕತ್ತರಿ ಕಿತ್ತುಕೊಂಡು, "ಏನೋ ಇದು, ಹುಲ್ಲು ಕೊಯ್ತಿದ್ದೀಯಾ?" ಎಂದು ಗದರಿದ. ಬೈಸಿಕೊಂಡ ತಮ್ಮನಿಗೆ ಹೋದ ಜೀವ ಬಂದಂತಾಯಿತು. ಆದರೆ ಅದೇ ವಾರ ಅಣ್ಣ ಬೀರು ತೆರೆದವನು, ಹೆಂಡತಿಯ ಬಟ್ಟೆಗಳಿದ್ದ ಜಾಗ ಖಾಲಿಯಿರುವುದನ್ನು ಕಂಡ. "ಅವಳು ಹೋಗ್ಬಿಟ್ಟಳು, ಅಲ್ವೇನೋ?" ಎಂದು ಕೇಳಿ, ಈಗಷ್ಟೇ ಸತ್ತಳೇನೋ ಎಂಬಂತೆ ಬಿಕ್ಕಿಬಿಕ್ಕಿ ಅತ್ತ.

ಕೆಲವು ತಿಂಗಳು ಕಳೆದಿರಬೇಕು. ಗಿರಾಕಿಯೊಬ್ಬರ ತಲೆ ಬಾಚುತ್ತಿದ್ದ ಅಣ್ಣ ಕಣ್ಣು ಕತ್ತಲಿಟ್ಟು ಕುಸಿದುಬಿದ್ದ.

"ತಲೆಗೆ ಒಳ್ಳೇದು ಮಾಡಿದ ಮಾತ್ರೆಯೇ ಹೃದಯದ ಬಡಿತ ಇಳಿಸಿದೆ" ಎಂದರು ಡಾಕ್ಟರು. "ಮಾತ್ರೆ ನಿಲ್ಲಿಸ್ಬೇಕು. ಇಲ್ಲಾಂದ್ರೆ ಬಡಿತ ಇಳಿಯದ ಹಾಗೆ ನೋಡ್ಕೊಳ್ಳೋ ಪೇಸ್‌ಮೇಕರ್ ಎದೆಯಲ್ಲಿ ಇಡಿಸಿ, ಮಾತ್ರೆ ಮುಂದುವರಿಸ್ಬೇಕು."

ತಮ್ಮ ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಕೇಳಿದ: "ಅದನ್ನಿಟ್ರೆ ಮರೆವು ಗುಣವಾಗತ್ತಾ?"

"ಇಲ್ಲ. ಇನ್ನೊಂದಿಷ್ಟು ಕಾಲ ಹೀಗೇ ಇರಬಹುದು."

"ಹಾಗಾದ್ರೆ ಅದೂ ಬೇಡ, ಮಾತ್ರೆನೂ ಬೇಡ ಡಾಕ್ಟ್ರೇ."

ಹೊರಗೆ ಬರುತ್ತಲೇ ತಮ್ಮ ರೇಗಿದ. "ಆ ಇನ್ನೊಂದಿಷ್ಟು ಕಾಲ ನನಗೆ ಬೇಕಿತ್ತಣ್ಣ!"

"ಗೊತ್ತು ಕಣೋ." ಅಣ್ಣ ಗೋಡೆ ಹಿಡಿದು ನಿಂತ. "ಆದ್ರೆ ತಲೆ ನೆಟ್ಟಗಾದಾಗ ಏನೇನು ಕಳ್ಕೊಂಡೆ ಅನ್ನೋದೂ ಕಾಣತ್ತೆ. ಮತ್ತೆ ಕಳ್ಕೊಳ್ತೀನಿ ಅನ್ನೋದೂ ಕಾಣತ್ತೆ. ಅದನ್ನೇ ನೋಡ್ತಾ ಕೂರೋ ಶಕ್ತಿ ನನಗಿಲ್ಲ. ಬುದ್ಧಿ ಇರೋವಾಗ್ಲೇ ಹೇಳ್ತಿದ್ದೀನಿ, ನಡೆಸ್ಕೊಡು."

ತಮ್ಮ ನಡೆಸಿಕೊಟ್ಟ.

ಮಾತ್ರೆ ನಿಂತ ಮೇಲೆ ಅಣ್ಣನ ನಾಡಿ ಸುಧಾರಿಸಿತು. ಮಾತು, ಮುಖಗಳ ಗುರುತು ಮಾತ್ರ ಒಂದೊಂದಾಗಿ ಕಳಚಿಕೊಂಡವು. ಬ್ಲೇಡು ಕಂಡರೆ ಹೆದರಿ ಮುಖ ಮುಚ್ಚಿಕೊಳ್ಳತೊಡಗಿದ. ತಮ್ಮ ಬಲವಂತ ಮಾಡಲಿಲ್ಲ. ಬಿಳಿ ಗಡ್ಡ ಎದೆಗಿಳಿಯಿತು. "ಏನ್ರೀ, ಕ್ಷೌರದಂಗಡಿಯಲ್ಲೇ ಇಷ್ಟುದ್ದ ಗಡ್ಡ!" ಎಂದು ಹೊಸ ಗಿರಾಕಿಗಳು ನಕ್ಕರೆ ತಮ್ಮನೂ ಅವರೊಡನೆ ನಗುತ್ತಿದ್ದ.

ಮಧ್ಯಾಹ್ನ ಅಂಗಡಿಯ ಬಾಗಿಲು ಓರೆಮಾಡಿ, ಅಣ್ಣನ ಪಕ್ಕ ಬೆಂಚಿನ ಮೇಲೆ ಕೂತು ಅನ್ನ ಉಣಿಸುತ್ತಿದ್ದ. ಗಡ್ಡಕ್ಕೆ ಅಂಟಿದ ಅಗುಳನ್ನು ಬೆರಳಿನಿಂದ ತೆಗೆಯುತ್ತಿದ್ದ. ಒಂದು ದಿನ ಅಣ್ಣ ತುತ್ತು ನುಂಗಿ, ದಾರಿಹೋಕರಿಗೆ ಹೇಳುವ ಹಾಗೆ, "ನಿಮಗೆ ಸುಮ್ನೆ ತೊಂದರೆ" ಎಂದ.

"ಏನಿಲ್ಲ ಬಿಡಿ, ಊಟ ಮಾಡಿ" ಎಂದು ತಮ್ಮ ಇನ್ನೊಂದು ತುತ್ತು ಕಲಸಿದ.